ಅಳೆದೂ ಸುರಿದೂ ಇಳಿಯದ ತೂಕ: ಏಳು ತಿಂಗಳು ಬಳಸಿದ ಒಂದು ಸೇವೆಯ ವಿಮರ್ಶೆ

ಏಳು ತಿಂಗಳ ಹಿಂದೆ ತೂಕ ಇಳಿಸುವ ಸೇವೆಯೊಂದಕ್ಕೆ ನಾನು ಚಂದಾದಾರಳಾದೆ. ತಿಂದದ್ದನ್ನು ಬರೆದಿಡುವ ಆ್ಯಪ್, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಫಿಟ್‌ನೆಸ್ ಬ್ಯಾಂಡ್, ತೂಕದ ಜೊತೆಗೆ ಮೈಯ ಕೊಬ್ಬಿನ ಪ್ರಮಾಣವನ್ನೂ ತೋರಿಸುವ ತೂಕದ ಯಂತ್ರ, ವಾರಕ್ಕೊಮ್ಮೆ ಸಂದೇಶದ ಮೂಲಕ ಸಲಹೆ ನೀಡುವ ಮಾರ್ಗದರ್ಶಕಿ, ಈ ನಾಲ್ಕೂ ಒಂದೇ ಚಂದಾದಲ್ಲಿ ಸೇರಿದ್ದವು. ಆರಂಭದ ದಿನ ನನ್ನ ತೂಕ 76 ಕಿಲೋ. ಸಿಹಿಯನ್ನೂ ಕರಿದ ತಿಂಡಿಗಳನ್ನೂ ಪೂರ್ತಿ ಕೈಬಿಟ್ಟು, ಒಂದು ತುತ್ತನ್ನೂ ಬಿಡದೆ ದಾಖಲಿಸುತ್ತಿದ್ದೇನೆಂದು ನಂಬಿ, ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ಬಿರುಸಾಗಿ ನಡೆದು 14 ವಾರಗಳನ್ನು ಕಳೆದ ಮೇಲೆ ಅದೇ ಯಂತ್ರ ತೋರಿಸಿದ್ದು 75.8. ಆ ಇನ್ನೂರು ಗ್ರಾಂ ಕೂಡ ಮರುದಿನ ಬೆಳಗ್ಗೆ ಹಿಂದಿರುಗಿತ್ತು.

ಸಂಸ್ಥೆಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಇಂಥ ಬಹುತೇಕ ಸೇವೆಗಳ ಒಳಗಿರುವ ಸೂತ್ರಗಳೂ ಸಂವೇದಕಗಳೂ ಒಂದೇ ಬಗೆಯವಾಗಿರುವುದರಿಂದ, ಹೆಸರಿಗಿಂತ ಅವು ಲೆಕ್ಕ ಹಾಕುವ ರೀತಿ ಓದುಗರಿಗೆ ಹೆಚ್ಚು ಉಪಯುಕ್ತವೆಂದು ಭಾವಿಸಿದ್ದೇನೆ. ಪಥ್ಯವನ್ನೂ ವ್ಯಾಯಾಮವನ್ನೂ ಪ್ರಾಮಾಣಿಕವಾಗಿ ಪಾಲಿಸುತ್ತಿದ್ದರೂ ತೂಕ ಏಕೆ ಕದಲುತ್ತಿಲ್ಲವೆಂದು ಕೊರಗುತ್ತಿರುವವರು ಚಂದಾ ಕಟ್ಟುವ ಮೊದಲು ಇದನ್ನು ಓದಬೇಕೆಂಬುದು ನನ್ನ ಅಪೇಕ್ಷೆ.

ಮೊದಲು ಆ್ಯಪ್‌ನ ವಿಷಯ. ಖಾತೆ ತೆರೆಯುವಾಗ ಅದು ವಯಸ್ಸು, ಎತ್ತರ, ತೂಕ, ಲಿಂಗ ಹಾಗೂ ದಿನಚರಿಯ ಚಟುವಟಿಕೆಯ ಮಟ್ಟವನ್ನು ಕೇಳುತ್ತದೆ. ನನ್ನ ವಯಸ್ಸು 41, ಎತ್ತರ 160 ಸೆಂಟಿಮೀಟರ್. ಸುಮ್ಮನೆ ಮಲಗಿದ್ದರೂ ದೇಹ ಖರ್ಚು ಮಾಡುವ ಶಕ್ತಿಯನ್ನು ಅಂದಾಜಿಸಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ: ತೂಕದ ಹತ್ತರಷ್ಟು, ಎತ್ತರದ 6.25ರಷ್ಟು, ಎರಡನ್ನೂ ಕೂಡಿ ವಯಸ್ಸಿನ ಐದರಷ್ಟನ್ನು ಕಳೆದು, ಹೆಂಗಸರಾದರೆ ಇನ್ನೂ 161 ಕಳೆಯಬೇಕು, ಗಂಡಸರಾದರೆ 5 ಕೂಡಿಸಬೇಕು. ಇದರಂತೆ ನನ್ನ ಪಾಲಿಗೆ ಬರುವುದು ದಿನಕ್ಕೆ 1,394 ಕ್ಯಾಲರಿ. ಇದನ್ನು ಚಟುವಟಿಕೆಯ ಗುಣಕದಿಂದ ಗುಣಿಸಿದರೆ ಇಡೀ ದಿನದ ಖರ್ಚು ಸಿಗುತ್ತದೆ. ಹೆಚ್ಚಿನಂಶ ಕುಳಿತೇ ಇರುವವರಿಗೆ ಗುಣಕ 1.2, ಲಘು ವ್ಯಾಯಾಮ ಮಾಡುವವರಿಗೆ 1.375, ಮಧ್ಯಮ ಮಟ್ಟದವರಿಗೆ 1.55. ವಾರಕ್ಕೆ ಐದು ದಿನ ನಡೆಯುವ ನಾನು ಸಹಜವಾಗಿಯೇ 'ಮಧ್ಯಮ' ಎಂಬುದನ್ನು ಆರಿಸಿದೆ. ಉಳಿದ ಎಂಟೊಂಬತ್ತು ಗಂಟೆ ಕುರ್ಚಿಯಿಂದ ಏಳುವುದೇ ಅಪರೂಪ ಎಂಬ ಸಂಗತಿಯನ್ನು ಆ್ಯಪ್ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗೆ ನನ್ನ ದಿನದ ಖರ್ಚು 2,160 ಎಂದು ನಿಗದಿಯಾಯಿತು. ಅದರಲ್ಲಿ 500 ಕಳೆದು, ದಿನಕ್ಕೆ 1,660 ಕ್ಯಾಲರಿ ತಿನ್ನಬಹುದೆಂದು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು.

ಮುಂದಿನ ಹೆಜ್ಜೆಯಲ್ಲಿದೆ ಈ ಸೇವೆಯ ಅತಿ ದೊಡ್ಡ ದೋಷ. ಪ್ರತಿದಿನ ನಡಿಗೆ ಮುಗಿಸಿದೊಡನೆ ಬ್ಯಾಂಡ್ ಸುಮಾರು 350 ಕ್ಯಾಲರಿ ಖರ್ಚಾಗಿದೆ ಎಂದು ವರದಿ ಮಾಡುತ್ತಿತ್ತು, ಆ್ಯಪ್ ಅದನ್ನು ತಕ್ಷಣ ಆ ದಿನದ ಊಟದ ಮಿತಿಗೆ ಸೇರಿಸಿ 'ನೀವು 350 ಕ್ಯಾಲರಿ ಗಳಿಸಿದ್ದೀರಿ' ಎಂದು ಅಭಿನಂದಿಸುತ್ತಿತ್ತು. ಆದರೆ ನಾನು ನಡೆಯುವವಳು ಎಂಬ ಕಾರಣಕ್ಕೇ ತಾನೇ ಆರಂಭದಲ್ಲಿ 1.55ರ ಗುಣಕ ಹಾಕಿದ್ದು? ಒಂದೇ ನಡಿಗೆಗೆ ಎರಡು ಬಾರಿ ಜಮಾ ಬರೆದಂತಾಯಿತು. ಅಂಗಡಿಯ ಲೆಕ್ಕದಲ್ಲಿ ಇಂಥದ್ದು ನಡೆದರೆ ಗುಮಾಸ್ತನನ್ನು ಸಂಜೆಯೊಳಗೆ ಕರೆದು ವಿಚಾರಿಸುತ್ತಾರೆ. ಇಲ್ಲಿ ಅದು 14 ವಾರ ನಡೆಯಿತು, ಲೆಕ್ಕ ನೋಡಬೇಕಾದವಳು ನಾನೇ ಎಂಬುದು ನನಗೂ ಹೊಳೆದಿರಲಿಲ್ಲ. ಗಳಿಸಿದ್ದೆನ್ನಲಾದ ಕ್ಯಾಲರಿಗಳಲ್ಲಿ ಅರ್ಧವನ್ನಷ್ಟೇ ತಿಂದು ಅರ್ಧವನ್ನು ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ಬೇರೆ ನನಗಿತ್ತು.

ಇನ್ನು ಆ 350 ಎಂಬ ಅಂಕಿಯಾದರೂ ನಿಜವೇ? 76 ಕಿಲೋ ತೂಕದವರು 45 ನಿಮಿಷ ಬಿರುಸಾಗಿ ನಡೆದರೆ ಖರ್ಚಾಗುವುದು ಸ್ಥೂಲವಾಗಿ 245 ಕ್ಯಾಲರಿ. ಅದರಲ್ಲಿ ಸುಮಾರು 55, ಆ ಹೊತ್ತಿನಲ್ಲಿ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ ಪಾಲು. ನಡಿಗೆಯಿಂದ ನಿಜವಾಗಿ ಹೆಚ್ಚುವರಿಯಾಗಿ ಕರಗಿದ್ದು 190ರ ಆಸುಪಾಸು ಮಾತ್ರ. ಈ ತಪ್ಪು ನನ್ನ ಬ್ಯಾಂಡ್ ಒಂದರದ್ದೇ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಣಿಕಟ್ಟಿನ ಏಳು ಸಾಧನಗಳನ್ನು ಪರೀಕ್ಷಿಸಿದ್ದರು. ಏಳರಲ್ಲಿ ಆರು ಸಾಧನಗಳು ಹೃದಯ ಬಡಿತವನ್ನು ಶೇ. 5ರೊಳಗಿನ ತಪ್ಪಿನೊಂದಿಗೆ ಅಳೆದವು. ಕ್ಯಾಲರಿಯ ಖರ್ಚಿನಲ್ಲಿ ಮಾತ್ರ ಅತ್ಯಂತ ನಿಖರವೆನಿಸಿದ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತು, ಅತ್ಯಂತ ಕೆಟ್ಟದ್ದು ಶೇ. 93ರಷ್ಟು. ನಾಡಿಯನ್ನು ಬೆಳಕಿನ ಸಂವೇದಕ ನೇರವಾಗಿ ಗುರುತಿಸುತ್ತದೆ. ಕ್ಯಾಲರಿಯನ್ನು ಹಾಗೆ ಗುರುತಿಸುವ ಸಂವೇದಕ ಬ್ಯಾಂಡ್‌ನೊಳಗೆ ಇಲ್ಲವೇ ಇಲ್ಲ. ನಾಡಿ, ತೂಕ, ಚಲನೆಗಳಿಂದ ಅದು ಊಹಿಸಿದ ಸಂಖ್ಯೆಯಷ್ಟೇ ನಮಗೆ ಕಾಣುವುದು. ಊಹೆಯನ್ನು '352' ಎಂದು ಕೊನೆಯ ಅಂಕಿಯವರೆಗೂ ಬರೆದು ತೋರಿಸುವುದರಿಂದ ನಮಗೆ ಅದು ಅಳತೆಯಂತೆ ಭಾಸವಾಗುತ್ತದೆ. ಬ್ಯಾಂಡ್ ಕಟ್ಟಿಕೊಂಡ ಮಾತ್ರಕ್ಕೆ ಹೆಚ್ಚು ತೂಕ ಇಳಿಯುತ್ತದೆಂಬ ನಂಬಿಕೆಗೂ ಆಧಾರ ದುರ್ಬಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ 471 ಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಹಾರ ಮತ್ತು ವ್ಯಾಯಾಮದ ಸಲಹೆಯ ಜೊತೆಗೆ ಇಂಥ ಸಾಧನವನ್ನೂ ಪಡೆದವರು ಸರಾಸರಿ 3.5 ಕಿಲೋ ಇಳಿದಿದ್ದರೆ, ಸಾಧನವಿಲ್ಲದೆ ತಾವೇ ಬರೆದಿಟ್ಟುಕೊಂಡವರು 5.9 ಕಿಲೋ ಇಳಿದಿದ್ದರು.

ಹೆಜ್ಜೆ ಎಣಿಸುವುದರಲ್ಲಿ ಬ್ಯಾಂಡ್ ತೃಪ್ತಿಕರವಾಗಿದೆ, ಬ್ಯಾಟರಿ ವಾರ ಪೂರ್ತಿ ಬಾಳುತ್ತದೆ, ಪಟ್ಟಿಯಿಂದ ಚರ್ಮಕ್ಕೆ ತೊಂದರೆಯಾಗಲಿಲ್ಲ. ದಿನಕ್ಕೆ 10,000 ಹೆಜ್ಜೆಯ ಗುರಿಯನ್ನು ಅದು ವೈದ್ಯಶಾಸ್ತ್ರದ ಆಜ್ಞೆಯೆಂಬಂತೆ ಮುಂದಿಡುವುದು ಮಾತ್ರ ನಗು ತರಿಸುತ್ತದೆ, ಏಕೆಂದರೆ ಆ ಸಂಖ್ಯೆ ಜಪಾನಿನಲ್ಲಿ 1965ರಲ್ಲಿ ಮಾರಾಟಕ್ಕೆ ಬಂದ, 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬರ್ಥದ ಹೆಸರಿನ ಯಂತ್ರದಿಂದ ಹರಡಿದ್ದು.

ತೂಕದ ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾಗಿದೆ. ತೂಕವನ್ನು ಅದು ಚೆನ್ನಾಗಿಯೇ ತೂಗುತ್ತದೆ. ಒಂದೇ ನಿಮಿಷದಲ್ಲಿ ಮೂರು ಬಾರಿ ಹತ್ತಿ ಇಳಿದರೂ ಮೂರೂ ಸಲ ಅದೇ ಅಂಕಿ ಬಂದಿದೆ. ಕೊಬ್ಬಿನ ಶೇಕಡಾ ಪ್ರಮಾಣದ ಕಥೆ ಬೇರೆ. ಅಂಗಾಲಿನ ಮೂಲಕ ಸಣ್ಣ ವಿದ್ಯುತ್ ಹರಿಸಿ, ದೇಹ ಒಡ್ಡುವ ಪ್ರತಿರೋಧದಿಂದ ಮೊದಲು ನೀರಿನಂಶವನ್ನೂ, ಅದರಿಂದ ಕೊಬ್ಬನ್ನೂ ಅಂದಾಜಿಸುವ ವಿಧಾನ ಇದು. ಆದ್ದರಿಂದ ನೀರು ಕುಡಿದಿದ್ದೀರಾ, ಬೆವರಿದ್ದೀರಾ, ಪಾದ ಒದ್ದೆಯಾಗಿದೆಯೇ ಎಂಬುದರ ಮೇಲೆ ಅಂಕಿ ಕುಣಿಯುತ್ತದೆ. ಒಂದು ದಿನ ಬೆಳಗ್ಗೆ ನನಗೆ ಶೇ. 38.4 ಎಂದು ತೋರಿಸಿದ ಯಂತ್ರ ಅದೇ ಸಂಜೆ ಶೇ. 36.1 ಎಂದಿತು. ಅದನ್ನು ನಂಬುವುದಾದರೆ ಹನ್ನೆರಡು ಗಂಟೆಯಲ್ಲಿ ಒಂದೂವರೆ ಕಿಲೋಗೂ ಮಿಕ್ಕಿ ಕೊಬ್ಬು ಕರಗಿರಬೇಕು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುವಾಗ ಅಂಥ ಪವಾಡಕ್ಕೆ ದಿನವಿಡೀ ಓಡಿದರೂ ಸಾಲದು.

ತೂಕವೇ ಇಳಿಯದಿರುವಂತೆ ಕಾಣುವುದಕ್ಕೂ ಈ ನೀರೇ ಎಷ್ಟೋ ಬಾರಿ ಕಾರಣ ಎಂಬುದನ್ನು ಸೇವೆ ಎಲ್ಲಿಯೂ ವಿವರಿಸುವುದಿಲ್ಲ. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗುವ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಪಿಷ್ಟದ ದಾಸ್ತಾನು, ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಥ್ಯದ ಮೊದಲ ವಾರದಲ್ಲಿ ಈ ಸಂಗ್ರಹ ಖಾಲಿಯಾದಾಗ ತೂಕ ಸರ್ರನೆ ಇಳಿಯುವುದು, ಒಂದು ದಿನ ಹೊಟ್ಟೆ ತುಂಬ ತಿಂದಾಗ ಏರಿಬಿಡುವುದು ಇದರಿಂದಲೇ. ಹೊಸ ವ್ಯಾಯಾಮ ಆರಂಭಿಸಿದಾಗ ನೊಂದ ಸ್ನಾಯುಗಳು ನೀರು ಹಿಡಿಯುತ್ತವೆ, ಉಪ್ಪು ಹೆಚ್ಚಾದರೂ ಹಾಗೆಯೇ. ಹೆಂಗಸರಲ್ಲಿ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಒಂದೆರಡು ಕಿಲೋ ಏರಿದರೆ ಆಶ್ಚರ್ಯವಿಲ್ಲ. ಆ ಹೊತ್ತಿಗೆ ಸರಿಯಾಗಿ ಆ್ಯಪ್ ಕೆಂಪು ಬಾಣ ತೋರಿಸಿ 'ಈ ವಾರ ಗುರಿ ತಪ್ಪಿದ್ದೀರಿ' ಎಂದು ಎಚ್ಚರಿಸುವುದು ಕ್ರೌರ್ಯವೆಂದೇ ನನಗನ್ನಿಸಿತು. ತಿಂಗಳ ಚಕ್ರದ ದಿನಾಂಕಗಳನ್ನು ಅದೇ ಆ್ಯಪ್ ಇನ್ನೊಂದು ಪುಟದಲ್ಲಿ ಕೇಳಿ ಬರೆಸಿಕೊಂಡಿತ್ತು. ಏಳು ದಿನಗಳ ಸರಾಸರಿಯನ್ನು ತೋರಿಸುವ ಸೌಲಭ್ಯ ಅದರಲ್ಲಿದೆ, ಆದರೆ ಅದನ್ನು ನಾವೇ ಹುಡುಕಿ ಚಾಲೂ ಮಾಡಬೇಕು.

ಮಾರ್ಗದರ್ಶಕಿಯ ವಿಷಯದಲ್ಲಿ ನನಗೆ ವೈಯಕ್ತಿಕ ಬೇಸರವಿಲ್ಲ. ಅವರ ಮಾತು ಸೌಜನ್ಯದಿಂದ ಕೂಡಿತ್ತು. ಆದರೆ ಎಂಟನೆಯ ವಾರದಲ್ಲಿ ನಾನು ತೂಕ ಇಳಿಯುತ್ತಿಲ್ಲವೆಂದು ಬರೆದಾಗ, 'ನೀವು ತೀರ ಕಡಿಮೆ ತಿನ್ನುತ್ತಿರುವುದರಿಂದ ದೇಹ ಉಪವಾಸದ ಸ್ಥಿತಿಗೆ ಹೋಗಿ ಕೊಬ್ಬನ್ನು ಬಿಟ್ಟುಕೊಡುತ್ತಿಲ್ಲ, ಇನ್ನಷ್ಟು ತಿನ್ನಿ' ಎಂಬ ಉತ್ತರ ಬಂತು. ಬಹಳ ಕಡೆ ಕೇಳಿಬರುವ ಮಾತು ಇದು, ಕೇಳಲು ಹಿತವಾದದ್ದೂ ಹೌದು. ಅಮೆರಿಕದ ಮಿನೆಸೋಟದಲ್ಲಿ ಶರೀರಶಾಸ್ತ್ರಜ್ಞ ಆ್ಯನ್ಸೆಲ್ ಕೀಸ್ 1944-45ರಲ್ಲಿ ನಡೆಸಿದ ಪ್ರಯೋಗದಲ್ಲಿ 36 ಸ್ವಯಂಸೇವಕರು 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರ ಚಯಾಪಚಯ, ಅಂದರೆ ದೇಹ ಶಕ್ತಿಯನ್ನು ಖರ್ಚು ಮಾಡುವ ವೇಗ, ಗಣನೀಯವಾಗಿ ಕುಗ್ಗಿತು, ಮೈಯಲ್ಲಿ ನೀರು ತುಂಬಿಕೊಂಡಿತು, ಆದರೂ ತೂಕ ಇಳಿಯುತ್ತಲೇ ಹೋಗಿ ಸುಮಾರು ನಾಲ್ಕನೆಯ ಒಂದು ಭಾಗ ಕಡಿಮೆಯಾಯಿತು. ದೇಹ ಮಿತವ್ಯಯ ಮಾಡುತ್ತದೆಂಬುದು ಮಾತ್ರ ಸತ್ಯ. ತೂಕ ಇಳಿಸುವ ಅಮೆರಿಕನ್ ಟಿವಿ ಸ್ಪರ್ಧೆಯೊಂದರ 14 ಸ್ಪರ್ಧಿಗಳನ್ನು ಆರು ವರ್ಷಗಳ ನಂತರ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರ ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡುತ್ತಿದ್ದ ಶಕ್ತಿ ಅವರ ಗಾತ್ರಕ್ಕೆ ನಿರೀಕ್ಷಿಸಬಹುದಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯಿತ್ತು. ವೇಗವಾಗಿ, ಅತಿಯಾಗಿ ಇಳಿಸಿದವರ ಕಥೆ ಅದು. 14 ವಾರಗಳಲ್ಲಿ ಇನ್ನೂರು ಗ್ರಾಂ ಇಳಿದ ನನಗೆ ಅದನ್ನು ಅನ್ವಯಿಸಲು ಬರುವುದಿಲ್ಲ. ಮಾರ್ಗದರ್ಶಕಿಯ ಮಾತಿನಂತೆ ಎರಡು ವಾರ ದಿನಕ್ಕೆ 150 ಕ್ಯಾಲರಿ ಹೆಚ್ಚು ತಿಂದೆ, ಏನಾಯಿತೆಂದು ಊಹಿಸಬಹುದು.

ಇದಕ್ಕಿಂತ ಗಂಭೀರವಾದ ಲೋಪವೆಂದರೆ, ನಾನು ಯಾವುದಾದರೂ ಔಷಧಿ ಸೇವಿಸುತ್ತಿದ್ದೇನೆಯೇ ಎಂದು ಅಷ್ಟು ವಾರಗಳಲ್ಲಿ ಯಾರೂ ಕೇಳಲಿಲ್ಲ. ಸ್ಟೆರಾಯ್ಡ್‌ಗಳು, ಇನ್ಸುಲಿನ್ ಮತ್ತು ಮಧುಮೇಹದ ಇನ್ನು ಕೆಲವು ಮಾತ್ರೆಗಳು, ಖಿನ್ನತೆ ಹಾಗೂ ಮನೋರೋಗಗಳಿಗೆ ಕೊಡುವ ಕೆಲವು ಔಷಧಿಗಳು ತೂಕ ಏರಿಸುತ್ತವೆ. ಥೈರಾಯ್ಡ್ ಕೊರತೆ, ಅಂಡಾಶಯದ ಪಿಸಿಒಎಸ್ ತೊಂದರೆ, ಅಪರೂಪಕ್ಕೆ ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವ ಕುಶಿಂಗ್ ಕಾಯಿಲೆ ಇವೂ ಕಾರಣವಾಗಬಹುದು. ನಾನೇ ವೈದ್ಯರನ್ನು ಕಂಡು ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ ಮಾಡಿಸಿದೆ. ಎರಡೂ ಸಹಜವಾಗಿದ್ದವು. ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಶೆಯೇ ಆಯಿತು, ಏಕೆಂದರೆ ಕಾಯಿಲೆಯೊಂದು ಸಿಕ್ಕಿದ್ದರೆ ಹೊರೆ ನನ್ನ ತಲೆಯಿಂದ ಇಳಿಯುತ್ತಿತ್ತು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: 'ತಿನ್ನುವುದನ್ನು ತೂಗಿ ಬರೆಯುತ್ತೀರೋ, ನೋಡಿ ಬರೆಯುತ್ತೀರೋ?'

ನೋಡಿ ಬರೆಯುತ್ತಿದ್ದೆ. ಆ್ಯಪ್ ಚಮಚ, ಬಟ್ಟಲು, ಹಿಡಿ ಎಂಬ ಅಳತೆಗಳನ್ನು ಯಾವ ತಕರಾರೂ ಇಲ್ಲದೆ ಒಪ್ಪಿಕೊಳ್ಳುತ್ತದೆ. ಅಡುಗೆಮನೆಯ ಕಪಾಟಿನಲ್ಲಿ ಯಾವಾಗಲೋ ತಂದಿಟ್ಟು ಮರೆತಿದ್ದ ಪುಟ್ಟ ಡಿಜಿಟಲ್ ತಕ್ಕಡಿ ಇತ್ತು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಅದರ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ಎರಡು ವಾರ ಎಲ್ಲವನ್ನೂ ಅದರ ಮೇಲಿಟ್ಟೆ, ಎಣ್ಣೆಯ ಸೀಸೆಯನ್ನು ಅಡುಗೆಗೆ ಮುನ್ನ ಮತ್ತು ನಂತರ ತೂಗಿ ವ್ಯತ್ಯಾಸ ಬರೆದುಕೊಂಡೆ. 'ಒಂದು ಚಮಚ' ಎಂದು ನಾನು ದಾಖಲಿಸುತ್ತಿದ್ದ ಕಡೆ ಎರಡು ಚಮಚದಷ್ಟು ಬೀಳುತ್ತಿತ್ತು. ಬರೆಯದೆ ಉಳಿದ ಎಣ್ಣೆ ನನ್ನ ಪಾಲಿಗೆ ದಿನಕ್ಕೆ ಸರಾಸರಿ 14 ಗ್ರಾಂ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ 4 ಕ್ಯಾಲರಿ ಇದ್ದರೆ ಕೊಬ್ಬಿನಲ್ಲಿ 9 ಇರುವುದರಿಂದ, ಆ 14 ಗ್ರಾಂ ಎಂದರೆ 126 ಕ್ಯಾಲರಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಯನ್ನು ನಾನು ತಿರುವುಮುರುವಾಗಿ ಪಾಲಿಸಿದ್ದೆ. ಸೊಪ್ಪು ತರಕಾರಿಗಳ ತೂಕದಲ್ಲಿ ನಾನು ಎಷ್ಟೇ ತಪ್ಪಿದ್ದರೂ ಏನೂ ಆಗುತ್ತಿರಲಿಲ್ಲ. ತಪ್ಪಬಾರದ ಒಂದೇ ಪದಾರ್ಥದಲ್ಲಿ ತಪ್ಪಿದ್ದೆ.

ಈಗ ಲೆಕ್ಕ ಕೂಡಿಸಿ ನೋಡಿದೆ. ಆ್ಯಪ್ ಕೊಟ್ಟ ಮಿತಿ 1,660; ನಡೆದ ದಿನಗಳಲ್ಲಿ ಗಳಿಕೆಯೆಂದು ತಿಂದ 175 ಕ್ಯಾಲರಿಯನ್ನು ವಾರಕ್ಕೆ ಹಂಚಿದರೆ ದಿನಕ್ಕೆ 125; ಕಾಣದ ಎಣ್ಣೆ 126. ಒಟ್ಟು ಸುಮಾರು 1,910. ನನ್ನ ನಿಜವಾದ ದಿನಚರಿಗೆ ಹೊಂದುವ 1.375ರ ಗುಣಕ ಹಾಕಿದರೆ ದಿನದ ಖರ್ಚು 1,917. ಸೂತ್ರಗಳೂ ಅಂದಾಜುಗಳೇ ಆದ್ದರಿಂದ ಎರಡು ಸಂಖ್ಯೆಗಳು ಇಷ್ಟು ಹತ್ತಿರ ಬಂದದ್ದು ಸ್ವಲ್ಪ ಮಟ್ಟಿಗೆ ಕಾಕತಾಳೀಯವೇ ಸರಿ, ಆದರೆ ತೂಕ ಏಕೆ ಅಲುಗಲಿಲ್ಲ ಎಂಬುದಕ್ಕೆ ಬೇರೆ ರಹಸ್ಯವನ್ನು ಹುಡುಕಬೇಕಾದ ಅಗತ್ಯ ನನಗೆ ಉಳಿಯಲಿಲ್ಲ.

ಇದು ನನ್ನೊಬ್ಬಳ ದಡ್ಡತನವೆಂದು ಕೆಲದಿನ ನಾಚಿಕೊಂಡಿದ್ದೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ 1992ರಲ್ಲಿ ಬಂದ ಒಂದು ಅಧ್ಯಯನ ನನಗೆ ಸಮಾಧಾನ ತಂದಿತು. ದಿನಕ್ಕೆ 1,200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಸಂಶೋಧಕರು ಆರಿಸಿ, ವಿಶೇಷ ಪರಮಾಣುಗಳಿಂದ ಗುರುತು ಮಾಡಿದ ನೀರನ್ನು ಕುಡಿಸಿ, ಅದು ದೇಹದಿಂದ ಹೊರಹೋಗುವ ವೇಗದಿಂದ ಶಕ್ತಿಯ ಖರ್ಚನ್ನು ಲೆಕ್ಕ ಹಾಕಿದರು. ಅವರ ಚಯಾಪಚಯದಲ್ಲಿ ದೋಷವಿರಲಿಲ್ಲ. ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ, ಮಾಡಿದ ಶ್ರಮವನ್ನು ಶೇ. 51ರಷ್ಟು ಹೆಚ್ಚಾಗಿಯೂ ಅವರು ವರದಿ ಮಾಡಿದ್ದರು. ಸುಳ್ಳು ಹೇಳುವ ಉದ್ದೇಶ ಅವರಿಗಿತ್ತೆಂದು ನಾನು ಭಾವಿಸುವುದಿಲ್ಲ, ಕಣ್ಣಳತೆಯೇ ಅಷ್ಟು. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ತಿಳಿದಿರುವ ಈ ಸಂಗತಿಯನ್ನು ಲೆಕ್ಕಿಸದೆ, ಕಡಿಮೆ ಬರೆದ ಊಟದ ಪಕ್ಕಕ್ಕೆ ಹೆಚ್ಚು ಬರೆದ ವ್ಯಾಯಾಮವನ್ನು ಇಟ್ಟು ಕಳೆಯುವ ಲೆಕ್ಕದ ಮೇಲೆ ಒಂದು ಸೇವೆಯನ್ನೇ ಕಟ್ಟಿರುವುದಕ್ಕೆ ನನ್ನ ಆಕ್ಷೇಪವಿದೆ. ಎರಡು ತಪ್ಪುಗಳೂ ಗ್ರಾಹಕರ ವಿರುದ್ಧ ಒಂದೇ ದಿಕ್ಕಿಗೆ ವಾಲುತ್ತವೆ.

ನಿದ್ರೆಯನ್ನೂ ಬ್ಯಾಂಡ್ ಅಳೆದು ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ, ಆದರೆ ಆ ಅಂಕಕ್ಕೂ ತೂಕಕ್ಕೂ ಇರುವ ನಂಟನ್ನು ಆ್ಯಪ್ ತಿಳಿಸುವುದಿಲ್ಲ. ಒಂದೇ ಪಥ್ಯದಲ್ಲಿದ್ದ ಹತ್ತು ಮಂದಿಗೆ ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗುವ ಅವಕಾಶ ಕೊಟ್ಟು ನಡೆಸಿದ ಸಣ್ಣ ಪ್ರಯೋಗವೊಂದು 2010ರಲ್ಲಿ ಪ್ರಕಟವಾಗಿತ್ತು. ಇಳಿದ ತೂಕ ಎರಡೂ ಅವಧಿಯಲ್ಲಿ ಹೆಚ್ಚು ಕಡಿಮೆ ಒಂದೇ ಆಗಿದ್ದರೂ, ನಿದ್ರೆ ಕಡಿಮೆಯಾದಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಈ ಒಂದು ವಾಕ್ಯವನ್ನು ನಿದ್ರೆಯ ಪುಟದಲ್ಲಿ ಬರೆದಿದ್ದರೆ ರಾತ್ರಿ ಬೇಗ ಮಲಗಲು ನನಗೊಂದು ಕಾರಣ ಸಿಗುತ್ತಿತ್ತು.

ಹದಿನಾರನೆಯ ವಾರದಲ್ಲಿ ನಾನು ಸಂಸ್ಥೆಗೆ ಬರೆದು, ವ್ಯಾಯಾಮದ ಕ್ಯಾಲರಿಯನ್ನು ಊಟದ ಮಿತಿಗೆ ಸೇರಿಸುವುದನ್ನು ನಿಲ್ಲಿಸುವುದು ಹೇಗೆಂದು ಕೇಳಿದೆ. ಉತ್ತರ ಬರಲು ಐದು ದಿನ ಬೇಕಾಯಿತು. ಅದಕ್ಕೊಂದು ಆಯ್ಕೆ ನಿಜಕ್ಕೂ ಇದೆ, ನಾಲ್ಕು ಪುಟ ಒಳಗೆ, 'ಇತರೆ' ಎಂಬ ಶೀರ್ಷಿಕೆಯ ಕೆಳಗೆ. ಅದನ್ನು ಮುಚ್ಚಿದೆ, ಚಟುವಟಿಕೆಯ ಮಟ್ಟವನ್ನು 'ಲಘು' ಎಂದು ಬದಲಿಸಿದೆ, ಎಣ್ಣೆ, ಬೀಜಗಳು ಮತ್ತು ಸಕ್ಕರೆಯನ್ನು ಮಾತ್ರ ತೂಗುತ್ತ ಉಳಿದದ್ದನ್ನು ಕಣ್ಣಳತೆಗೇ ಬಿಟ್ಟು, ದಿನಕ್ಕೆ 1,600ರ ಸುತ್ತ ನಿಂತೆ. ನಡಿಗೆಯನ್ನು ಬಿಡಲಿಲ್ಲ, ಹೆಚ್ಚಿಸಲೂ ಇಲ್ಲ. ಅದರಿಂದ ಮೊಣಕಾಲಿಗೂ ಮನಸ್ಸಿಗೂ ಆದ ಒಳಿತು ತೂಕದ ಲೆಕ್ಕದಿಂದ ಹೊರಗಿನದು. ಮುಂದಿನ 14 ವಾರಗಳಲ್ಲಿ 3.7 ಕಿಲೋ ಇಳಿಯಿತು. ಜಾಹೀರಾತಿನ ಹೆಂಗಸು ಆರು ವಾರಗಳಲ್ಲಿ ಇಳಿಸಿದಳೆಂದು ತೋರಿಸುವ ತೂಕಕ್ಕಿಂತ ಇದು ಬಹಳ ಕಡಿಮೆ, ಮತ್ತು ನಡುವೆ ಎರಡು ಬಾರಿ ಮೂರು ವಾರಗಳ ಕಾಲ ಅಂಕಿ ನಿಂತಲ್ಲೇ ನಿಂತಿತ್ತು.

ಆ್ಯಪ್‌ನ ಆಹಾರ ಪಟ್ಟಿ ವಿಸ್ತಾರವಾಗಿದೆ, ದಾಖಲಿಸುವುದು ಸುಲಭ, ದತ್ತಾಂಶವನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳಲು ಬರುತ್ತದೆ. ಈ ಕೊನೆಯ ಸೌಲಭ್ಯವಿಲ್ಲದಿದ್ದರೆ ಮೇಲಿನ ಲೆಕ್ಕವನ್ನೇ ನಾನು ಮಾಡಲಾಗುತ್ತಿರಲಿಲ್ಲ. ಐದರಲ್ಲಿ ಆ್ಯಪ್‌ಗೆ ಮೂರು, ತೂಕದ ಯಂತ್ರಕ್ಕೆ ಮೂರು, ಬ್ಯಾಂಡ್‌ಗೆ ಎರಡು, ಮಾರ್ಗದರ್ಶನಕ್ಕೆ ಒಂದು ಅಂಕ ಕೊಡುತ್ತೇನೆ. ಹೆಜ್ಜೆ ಎಣಿಸಲು ಏನಾದರೂ ಬೇಕೆನ್ನುವವರು, ಬರೆದಿಡುವ ಶಿಸ್ತಿಗೆ ಒಂದು ನೆಪ ಬೇಕೆನ್ನುವವರು ಕೊಳ್ಳಬಹುದು. ಈಗಾಗಲೇ ಕಟ್ಟುನಿಟ್ಟಾಗಿ ತಿಂದು, ನಡೆದು, ದಣಿದಿರುವವರು ಮೊದಲು ವೈದ್ಯರನ್ನೂ, ಆಮೇಲೆ ಎಣ್ಣೆಯ ಸೀಸೆಯನ್ನೂ ನೋಡುವುದು ಲೇಸು. ಚಂದಾ ಕಳೆದ ವಾರ ಮುಗಿಯಿತು, ನಾನು ನವೀಕರಿಸಲಿಲ್ಲ. ಚಟುವಟಿಕೆಯ ಮಟ್ಟವನ್ನು ಕೇಳುವ ಪುಟದಲ್ಲಿ ಕುಳಿತಿರುವ ಗಂಟೆಗಳನ್ನೂ ಕೇಳಬೇಕೆಂದು ಕಳುಹಿಸಿದ ಸಲಹೆಗೆ ಇನ್ನೂ ಉತ್ತರ ಬಂದಿಲ್ಲ.